ಮಂತ್ರಿಯ ಎರಡನೆಯ ಜೋಡು

1985ರ ಡಿಸೆಂಬರ್ 12ರಂದು ಪಶ್ಚಿಮ ಜರ್ಮನಿಯ ಹೆಸ್ಸೆ ಪ್ರಾಂತದ ರಾಜಧಾನಿಯಾದ ವೀಸ್‌ಬಾಡೆನ್ನಿನಲ್ಲಿ ಹೊಸ ಪರಿಸರ ಮಂತ್ರಿಯೊಬ್ಬರು ಪ್ರಮಾಣವಚನ ಸ್ವೀಕರಿಸಿದರು. ಹೆಸರು ಯೋಷ್ಕಾ ಫಿಷರ್, ವಯಸ್ಸು ಮೂವತ್ತೇಳು, ಪಕ್ಷ, ಹುಟ್ಟಿ ಆರು ವರ್ಷವೂ ತುಂಬದ ಹಸಿರು ಪಕ್ಷ. ಆ ಪಕ್ಷದಿಂದ ಜರ್ಮನಿಯಲ್ಲಿ ಮಂತ್ರಿಪದವಿಗೇರಿದವರಲ್ಲಿ ಅವರೇ ಮೊದಲಿಗರು. ಆದರೆ ಅಂದಿನ ಛಾಯಾಚಿತ್ರಗಳಲ್ಲಿ ಜನ ನೋಡಿದ್ದು ಅವರ ಮುಖವನ್ನಲ್ಲ, ಪಾದಗಳನ್ನು. ಸೂಟು ಟೈಗಳ ಆ ಗಂಭೀರ ಸಭೆಗೆ ಅವರು ಜೀನ್ಸ್ ತೊಟ್ಟು, ಬಿಳಿಯ ಆಟದ ಬೂಟುಗಳನ್ನು ಮೆಟ್ಟಿ ಬಂದಿದ್ದರು. 'ಆಟದ ಬೂಟಿನ ಮಂತ್ರಿ' ಎಂಬ ಬಿರುದು ಅವರಿಗೆ ಅಂಟಿಕೊಂಡಿತು. ಆ ಜೋಡು ಓಫೆನ್‌ಬಾಖ್ ಊರಿನ ಚರ್ಮವಸ್ತು ಸಂಗ್ರಹಾಲಯವನ್ನು ಸೇರಿತು. ನಮ್ಮಲ್ಲಿ ಭರತನು ಪಾದುಕೆಗಳನ್ನು ಸಿಂಹಾಸನದ ಮೇಲಿರಿಸಿದ ಕಥೆಯುಂಟು. ಪಾದುಕೆಗಳು ತಾವಾಗಿ ಸಿಂಹಾಸನಕ್ಕೆ ನಡೆದು ಬಂದ ಕಥೆ ಬಹುಶಃ ಇದೊಂದೇ.

ಆಟಕ್ಕೆಂದು ಮಾಡಿದ ಆ ಬೂಟು ಆಟವಾಡಲಿಲ್ಲ, ಓಡಲೂ ಇಲ್ಲ. ಅದು ಘೋಷಣೆಯ ಬೂಟು. ಹನ್ನೊಂದು ವರ್ಷಗಳ ತರುವಾಯ ಅದೇ ಮನುಷ್ಯ ಇನ್ನೊಂದು ಜೋಡನ್ನು ಮೆಟ್ಟಿದರು. ಈ ಸಲ ಕ್ಯಾಮೆರಾದವರು ಬಾರದಿದ್ದರೆ ಸಾಕೆಂಬ ಸ್ಥಿತಿ. ನಾನು ಹೇಳಹೊರಟಿರುವುದು ಈ ಎರಡನೆಯ ಜೋಡಿನ ವಿಚಾರ.

ಫಿಷರ್ ಹುಟ್ಟಿದ್ದು 1948ರಲ್ಲಿ, ಹಂಗೆರಿಯಿಂದ ಹೊರದೂಡಲ್ಪಟ್ಟು ಬಂದ ಜರ್ಮನ್ ಮಾತಿನ ಕುಟುಂಬವೊಂದರಲ್ಲಿ. ತಂದೆ ಮಾಂಸದಂಗಡಿಯ ಕಸುಬಿನವರು. ಮಗ ಶಾಲೆಯನ್ನು ಅರ್ಧಕ್ಕೆ ಬಿಟ್ಟ. ಛಾಯಾಚಿತ್ರಗಾರನ ಬಳಿ ಕೆಲಸ ಕಲಿಯಲು ಸೇರಿ ಅದನ್ನೂ ಬಿಟ್ಟ. ಫ್ರಾಂಕ್‌ಫರ್ಟಿನ ಉಗ್ರ ಎಡಪಂಥೀಯರ ಗುಂಪಿನಲ್ಲಿ ಬೀದಿಗಿಳಿದ. ಹೊಟ್ಟೆಪಾಡಿಗೆ ಟ್ಯಾಕ್ಸಿ ಓಡಿಸಿದ. 1983ರಲ್ಲಿ ಸಂಸತ್ತಿಗೆ ಬಂದ ಮೇಲೆ ಅವರ ಹರಿತವಾದ ನಾಲಗೆ ದೇಶಕ್ಕೆಲ್ಲ ಪರಿಚಯವಾಯಿತು. ಮರುವರ್ಷ ಸಭೆಯ ಉಪಾಧ್ಯಕ್ಷರನ್ನು ಕುರಿತು ಅವರಾಡಿದ ಒಂದು ಮಾತು ಎಷ್ಟು ಒರಟಾದುದೆಂದರೆ ಭಾನುವಾರದ ಈ ಪುಟದಲ್ಲಿ ಅದನ್ನು ಅಚ್ಚು ಹಾಕುವಂತಿಲ್ಲ. ಅದಕ್ಕೂ ಮೊದಲು 'ತಮ್ಮ ಅಪ್ಪಣೆಯಾದರೆ' ಎಂಬರ್ಥದ ವಿನಯದ ಮುನ್ನುಡಿ ಇತ್ತೆಂಬುದೇ ಅದರ ಸೊಗಸು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ ನಮ್ಮ ಗಾದೆ. ಫಿಷರರಿಗೆ ಎರಡೂ ತಮ್ಮದೇ ರೀತಿಯಲ್ಲಿ ಬರುತ್ತಿದ್ದವು. ಮಾತಿನಿಂದ ಜಗಳ ಬೆಳೆಯಿತು, ಊಟದಿಂದ ದೇಹ ಬೆಳೆಯಿತು. ರಾಜಕಾರಣಿಯ ದಿನಚರಿಯೇ ಹಾಗಲ್ಲವೆ? ನಡುರಾತ್ರಿಯವರೆಗೆ ಸಭೆ, ಸಭೆ ಮುಗಿದ ಮೇಲೆ ಭೋಜನಶಾಲೆ, ಭೋಜನದ ಜೊತೆಗೆ ದ್ರಾಕ್ಷಾರಸ, ದ್ರಾಕ್ಷಾರಸದ ಜೊತೆಗೆ ಮತ್ತೊಂದು ಸಭೆ. ಕುಳಿತಲ್ಲಿಂದ ಎದ್ದರೆ ಕಾರು, ಕಾರಿನಿಂದಿಳಿದರೆ ಮತ್ತೆ ಕುರ್ಚಿ. ಫ್ರಾಂಕ್‌ಫರ್ಟಿನ ಬಯಲುಗಳಲ್ಲಿ ಗೆಳೆಯರೊಡನೆ ಕಾಲ್ಚೆಂಡಾಡುತ್ತಿದ್ದ ಯುವಕ 1996ರ ಹೊತ್ತಿಗೆ 112 ಕಿಲೋಗ್ರಾಂ ತೂಗುವ ನಾಯಕರಾಗಿದ್ದರು. ಆಗ ಅವರಿಗೆ ನಲವತ್ತೆಂಟು ವರ್ಷ. ಬಾನ್ ನಗರದ ಸಂಸತ್ತಿನಲ್ಲಿ ಹಸಿರು ಪಕ್ಷದ ಮುಂದಾಳು, ಕೀರ್ತಿಗೇನೂ ಕೊರತೆಯಿರಲಿಲ್ಲ.

ಆ ವರ್ಷದ ಬೇಸಗೆಯಲ್ಲಿ ಅವರ ಮೂರನೆಯ ದಾಂಪತ್ಯ ಮುರಿದುಬಿತ್ತು. ಹೆಂಡತಿ ಬಿಟ್ಟು ಹೋದರು. ಈ ಪ್ರಸಂಗವನ್ನು ಅವರೇ ಮುಂದೆ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಇಲ್ಲವಾದರೆ ಪರರ ಮನೆಯ ಮಾತನ್ನು ಇಲ್ಲಿ ಎತ್ತುವ ಅಗತ್ಯವಿರಲಿಲ್ಲ. ಇಂಥ ಪೆಟ್ಟು ಬಿದ್ದಾಗ ಮನುಷ್ಯ ಸಾಮಾನ್ಯವಾಗಿ ಹಿಡಿಯುವ ದಾರಿಗಳು ಎರಡು: ಇದ್ದ ಚಟವನ್ನು ಇಮ್ಮಡಿಸುವುದು, ಇಲ್ಲವೆ ಜಗತ್ತನ್ನು ದೂರುತ್ತ ಕೂರುವುದು. ಫಿಷರ್ ಮೂರನೆಯದನ್ನು ಹಿಡಿದರು. ಬದಲಾಗಬೇಕಾದುದು ತಾನು ಬದುಕುತ್ತಿರುವ ರೀತಿ ಎಂದು ನಿಶ್ಚಯಿಸಿ, ಓಟದ ಬೂಟನ್ನು ಮೆಟ್ಟಿಕೊಂಡು ರೈನ್ ನದಿಯ ದಡದ ಕಡೆಗೆ ಹೊರಟರು. ಆಗ ಅವರ ತಲೆಯಲ್ಲಿ ಮ್ಯಾರಥಾನ್ ಎಂಬುದರ ಸುಳಿವೂ ಇರಲಿಲ್ಲವೆಂಬುದನ್ನು ಮರೆಯಬಾರದು. ತೂಕ ಇಳಿಯಬೇಕು, ಅಷ್ಟೆ.

ಮೊದಲ ದಿನಗಳ ಓಟ ಸಂಸತ್ ಭವನದ ಆಸುಪಾಸಿನಲ್ಲೇ ನಡೆಯಿತು. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಉಸಿರು ನಿಂತಂತಾಗುತ್ತಿತ್ತು. ಓದುಗರಲ್ಲಿ ಯಾರಾದರೂ ನಡುವಯಸ್ಸಿನಲ್ಲಿ, ಹೊಟ್ಟೆ ಬಂದ ಮೇಲೆ, ಬಸ್ಸಿನ ಹಿಂದೆ ನೂರು ಗಜ ಓಡಿದ್ದರೆ ಅವರಿಗೆ ಇದರ ವಿವರಣೆ ಬೇಕಿಲ್ಲ. ಎದೆ ತಿದಿಯಂತಾಡುತ್ತದೆ, ತೊಡೆಗಳು ಒಂದನ್ನೊಂದು ಉಜ್ಜುತ್ತವೆ, ಪಕ್ಕೆಯಲ್ಲಿ ಚುಚ್ಚುತ್ತದೆ, ಕಿವಿಯಲ್ಲಿ ತನ್ನದೇ ನಾಡಿ ಬಡಿಯುತ್ತದೆ. ಇವೆಲ್ಲಕ್ಕಿಂತ ಮಿಗಿಲಾದದ್ದು ಕಾಣಿಸಿಕೊಳ್ಳುವ ಸಂಕೋಚ. ದಪ್ಪನೆಯ ಮನುಷ್ಯ ಕುಳಿತಿದ್ದರೆ ಯಾರೂ ನಗುವುದಿಲ್ಲ, ಉಂಡರೂ ನಗುವುದಿಲ್ಲ, 'ಚೆನ್ನಾಗಿ ಬಡಿಸಿರಮ್ಮ' ಎಂದು ಉಪಚರಿಸುತ್ತಾರೆ. ಅವನು ತನ್ನ ಮೈಯನ್ನು ಇಳಿಸಿಕೊಳ್ಳಲು ಓಡತೊಡಗಿದರೆ ಮಾತ್ರ ಬೀದಿಯ ನಾಯಿಯಿಂದ ಹಿಡಿದು ಹಾಲಿನವನವರೆಗೆ ಎಲ್ಲರೂ ತಿರುಗಿ ನೋಡುತ್ತಾರೆ. ಇದು ಎಲ್ಲ ದೇಶಗಳಲ್ಲಿಯೂ ಇರುವ ಅನ್ಯಾಯ. ಕಾಯಿಲೆಗೆ ಮದ್ದು ಕುಡಿಯುವವನನ್ನು ಯಾರು ನಗುತ್ತಾರೆ? ದೇಶಕ್ಕೆಲ್ಲ ಮುಖಪರಿಚಯವಿರುವ, ಎದುರಾಳಿಗಳನ್ನು ಇಪ್ಪತ್ತು ವರ್ಷ ಚುಚ್ಚಿ ಮಾತನಾಡಿದ ಮನುಷ್ಯನಿಗೆ ಈ ಸಂಕೋಚ ಎಷ್ಟಿರಬೇಡ! ಆದರೂ ಅವರು ಮರುದಿನ ಮತ್ತೆ ಹೊರಟರು. ನನ್ನ ಮಟ್ಟಿಗೆ ಈ ಇಡೀ ವೃತ್ತಾಂತದಲ್ಲಿ ಶೌರ್ಯವೆಂಬುದು ಎಲ್ಲಾದರೂ ಇದ್ದರೆ ಅದು ಆ ಎರಡನೆಯ ದಿನದ ಬೆಳಗಿನಲ್ಲಿದೆ. ಮುಂದೆ ಬರುವ ಮ್ಯಾರಥಾನಿನಲ್ಲಿ ಅಷ್ಟಾಗಿ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಕಾಲು ನೆಲವನ್ನು ಮುಟ್ಟುವ ಕ್ಷಣಕ್ಕೆ ಅದರ ಮೇಲೆ ಬೀಳುವ ಭಾರ ಮೈತೂಕದ ಎರಡರಿಂದ ಮೂರರಷ್ಟು. 112 ಕಿಲೋಗ್ರಾಂ ತೂಕದವರಿಗೆ ಇದು ಎಷ್ಟಾಯಿತೆಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿಕೊಳ್ಳಬಹುದು. ಹೃದಯ ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಸ ಕೆಲಸಕ್ಕೆ ಒಗ್ಗಿಕೊಳ್ಳುತ್ತವೆ. ಆದರೆ ಎಲುಬು, ಸ್ನಾಯುರಜ್ಜುಗಳು ಒಗ್ಗಲು ತಿಂಗಳುಗಟ್ಟಲೆ ಬೇಕು. ಉಸಿರು ಸುಧಾರಿಸಿತೆಂಬ ಉತ್ಸಾಹದಲ್ಲಿ ದೂರವನ್ನು ಒಮ್ಮೆಗೇ ಹೆಚ್ಚಿಸಿ ಹಿಮ್ಮಡಿ ಹಿಡಿದು ಕುಂಟುತ್ತ ಕೂತವರ ಸಂಖ್ಯೆ ಬಹಳ. ಆದ್ದರಿಂದ ಇಂದಿನ ತರಬೇತಿದಾರರು ಭಾರಿ ಮೈಯವರಿಗೆ ಮೊದಲು ನಡಿಗೆ, ನಡುನಡುವೆ ಒಂದೆರಡು ನಿಮಿಷ ಓಟ, ಮತ್ತೆ ನಡಿಗೆ ಎಂದು ಹೇಳುತ್ತಾರೆ. ನಲವತ್ತು ದಾಟಿದವರು ವೈದ್ಯರಿಗೆ ಒಮ್ಮೆ ಎದೆ ತೋರಿಸಿಯೇ ಹೊರಡಬೇಕೆನ್ನುತ್ತಾರೆ. ಓಡುತ್ತಿರುವಾಗ ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡುವುದು ಸಾಧ್ಯವಾದರೆ ಅದೇ ಸರಿಯಾದ ವೇಗ. ವ್ಯಾಕರಣ ಪಂಡಿತರಿಗೆ ಪ್ರಿಯವಾಗಬಹುದಾದ ಅಳತೆಗೋಲು.

ಬಾನ್ ನಗರದಲ್ಲಿ ರೈನ್ ನದಿಗೆ ಮೂರು ಸೇತುವೆಗಳಿವೆ. ದಡದಗುಂಟ ಮಟ್ಟಸವಾದ ದಾರಿ. ಈ ಸೇತುವೆಯವರೆಗೆ ಹೋಗಿ ಬಂದರೆ ಇಷ್ಟು, ಆ ಸೇತುವೆಯನ್ನು ದಾಟಿ ಆಚೆ ದಡದಿಂದ ಬಂದರೆ ಅಷ್ಟು ಎಂದು ಓಟಗಾರನಿಗೆ ಅಳೆದುಕೊಳ್ಳಲು ಅದೊಂದು ಸಹಜವಾದ ಮಾನದಂಡ. ಫಿಷರ್ ಹೀಗೆ ನದಿಯ ಪಕ್ಕದಲ್ಲಿ ನಿಧಾನವಾಗಿ ತಮ್ಮ ದೂರವನ್ನು ಬೆಳೆಸಿಕೊಂಡರು. ಮಳೆಗಾಲ, ಚಳಿಗಾಲ ಬಂದವು, ಓಟ ನಿಲ್ಲಲಿಲ್ಲ. ಮುಂದಿನ ವರ್ಷ ಮುಗಿಯುವುದರೊಳಗೆ ದಿನಕ್ಕೆ ಹತ್ತು ಕಿಲೋಮೀಟರ್ ಎಂಬುದು ಅವರಿಗೆ ಸಂಧ್ಯಾವಂದನೆಯಂತೆ ಆಗಿಹೋಗಿತ್ತು. ತೂಕ 112ರಿಂದ 75ಕ್ಕೆ ಇಳಿದಿತ್ತು. ಕಳೆದುಹೋದದ್ದು 37 ಕಿಲೋಗ್ರಾಂ. ಬೆಳೆಯುವ ಹುಡುಗನೊಬ್ಬನನ್ನು ಹೆಗಲಿನಿಂದ ಕೆಳಗಿಳಿಸಿದ ಹಾಗೆ.

ಇದು ಓಟದಿಂದಲೇ ಆಯಿತೆ? ಇಲ್ಲಿ ಸ್ವಲ್ಪ ಗಣಿತಕ್ಕೆ ಓದುಗರು ತಾಳ್ಮೆ ತೋರಬೇಕು. ಓಟದಲ್ಲಿ ವ್ಯಯವಾಗುವ ಶಕ್ತಿ, ಸ್ಥೂಲವಾಗಿ, ಮೈತೂಕದ ಒಂದು ಕಿಲೋಗ್ರಾಮಿಗೆ, ಓಡಿದ ಒಂದು ಕಿಲೋಮೀಟರಿಗೆ, ಒಂದು ಕಿಲೋಕ್ಯಾಲೊರಿ. ನೆನಪಿಡಲು ಇಷ್ಟು ಸುಲಭವಾದ ಸೂತ್ರ ಶರೀರಶಾಸ್ತ್ರದಲ್ಲಿ ಹೆಚ್ಚಿಲ್ಲ. ಒಂದು ಕಿಲೋಗ್ರಾಂ ಕೊಬ್ಬು ಕರಗಬೇಕಾದರೆ ಸುಮಾರು 7,700 ಕಿಲೋಕ್ಯಾಲೊರಿ ವ್ಯಯವಾಗಬೇಕು. 75 ಕಿಲೋಗ್ರಾಂ ತೂಕದವನು 42 ಕಿಲೋಮೀಟರಿನ ಮ್ಯಾರಥಾನನ್ನು ಪೂರ್ತಿ ಓಡಿದರೂ ವ್ಯಯವಾಗುವುದು 3,200ಕ್ಕೂ ಕಡಿಮೆ. ಎಂದರೆ ಅರ್ಧ ಕಿಲೋಗ್ರಾಂ ಕೊಬ್ಬಿಗೂ ಸಾಲದು! ಮಹಾಯಜ್ಞದ ಕೊನೆಗೆ ಒಂದು ಸಣ್ಣ ಪೊಟ್ಟಣದಷ್ಟು ಫಲ. 37 ಕಿಲೋಗ್ರಾಮನ್ನು ಓಟದಿಂದಲೇ ಕರಗಿಸಬೇಕಾದರೆ ಸುಮಾರು 3,000 ಕಿಲೋಮೀಟರ್ ಓಡಬೇಕಾಗುತ್ತದೆ. ವರ್ಷದ ಒಂದು ದಿನವೂ ತಪ್ಪದೆ, ಮೊದಲ ದಿನದಿಂದಲೇ, ದಿನಕ್ಕೆ ಎಂಟು ಕಿಲೋಮೀಟರಿಗೂ ಹೆಚ್ಚು. ಅರ್ಧ ಕಿಲೋಮೀಟರಿಗೆ ಏದುಸಿರು ಬಿಡುತ್ತಿದ್ದವರಿಗೆ ಅದು ಆಗದ ಮಾತು.

ಎಂದಮೇಲೆ ಉಳಿದ ಕೆಲಸವನ್ನು ಮಾಡಿದ್ದು ತಟ್ಟೆ. ಫಿಷರ್ ಮದ್ಯವನ್ನು ಬಿಟ್ಟರು. ಕೊಬ್ಬಿನ ಮಾಂಸದ ಭೋಜನಗಳನ್ನು ಬಿಟ್ಟು ಹಣ್ಣು ತರಕಾರಿಗಳ ಕಡೆಗೆ ತಿರುಗಿದರು. ತಡರಾತ್ರಿಯ ಕೂಟಗಳು ತಪ್ಪಿದವು, ಏಕೆಂದರೆ ಬೆಳಿಗ್ಗೆ ಏಳಬೇಕಿತ್ತು. ಓಟದ ನಿಜವಾದ ಉಪಕಾರ ಇಲ್ಲಿದೆ ಎಂದು ನನ್ನೆಣಿಕೆ. ಉರಿಸಿದ ಕ್ಯಾಲೊರಿ ಅದರ ಚಿಕ್ಕ ಲಾಭ. ಅದು ಉಳಿದ ಇಪ್ಪತ್ಮೂರು ಗಂಟೆಗಳಿಗೆ ಒಬ್ಬ ಕಾವಲುಗಾರನನ್ನು ನೇಮಿಸುತ್ತದೆ. ನಾಳೆ ಮುಂಜಾನೆ ಓಡಬೇಕಾದವನಿಗೆ ಇಂದಿನ ರಾತ್ರಿಯ ಮೂರನೆಯ ಬಟ್ಟಲು ರುಚಿಸುವುದಿಲ್ಲ. ಬರಿಯ ಪಥ್ಯ ಮಾಡುವವನು ಇಡೀ ದಿನ 'ಬೇಡ, ಬೇಡ' ಎನ್ನುತ್ತಲೇ ಇರಬೇಕು. ಓಡುವವನಿಗೆ ದಿನದಲ್ಲಿ ಒಂದು ಸಲವಾದರೂ 'ಬೇಕು' ಎನ್ನುವ ಸುಖವಿದೆ.

ಆತ್ಮವಿಶ್ವಾಸದ ಮಾತು ಹೇಳದಿದ್ದರೆ ಇಂಥ ಬರಹ ಮುಗಿಯುವುದಿಲ್ಲ. ನಮ್ಮ ಉಪಾಧ್ಯಾಯರು ಮಕ್ಕಳಿಗೆ 'ಆತ್ಮವಿಶ್ವಾಸವಿರಲಿ' ಎಂದು ಬೋಧಿಸುತ್ತಾರೆ, ಅದು ಜೇಬಿನಲ್ಲಿಟ್ಟುಕೊಂಡು ಬರುವ ಕರವಸ್ತ್ರವೆಂಬಂತೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಈ ವಿಷಯವನ್ನು ಚೆನ್ನಾಗಿ ಬಿಡಿಸಿದ್ದಾರೆ. 'ಇದು ನನ್ನಿಂದಾದೀತು' ಎಂಬ ನಂಬಿಕೆ ಬರುವ ಮೂಲಗಳು ನಾಲ್ಕು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದುದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ಮತ್ತು ತನ್ನ ಮೈಮನಸ್ಸುಗಳ ಅಂದಿನ ಸ್ಥಿತಿ. ಇವುಗಳಲ್ಲಿ ಅತ್ಯಂತ ಬಲವಾದುದು ಮೊದಲನೆಯದು. ಪ್ರೋತ್ಸಾಹದ ಮಾತಿಗೆ ಅದರ ಮುಂದೆ ಅಷ್ಟು ಬೆಲೆಯಿಲ್ಲ. ಭಾಷಣಪ್ರಿಯರಾದ ನಮಗೆ ಇದು ಸ್ವಲ್ಪ ನಿರಾಸೆಯ ಸಂಗತಿ.

ಓಟದ ವೈಶಿಷ್ಟ್ಯವೇನೆಂದರೆ ಅದರಲ್ಲಿ ಗೆಲುವು ಅಳತೆಗೆ ಸಿಗುತ್ತದೆ, ಮುಖಸ್ತುತಿಗೆ ಸಿಗುವುದಿಲ್ಲ. ನಿನ್ನೆ ಮೊದಲನೆಯ ಸೇತುವೆ, ಇಂದು ಅದರಾಚೆಯ ಮರ. ರಾಜಕಾರಣದಲ್ಲಿ ಯಾರ ಗೆಲುವು ಯಾರದೆಂದು ಹೇಳುವುದು ಕಷ್ಟ. ಮತದಾರ ಕೊಟ್ಟದ್ದನ್ನು ಮತದಾರ ಕಿತ್ತುಕೊಳ್ಳುತ್ತಾನೆ. ಆದರೆ ಆ ಮರದ ಬುಡವನ್ನು ತಲಪಿದ್ದು ತನ್ನ ಕಾಲುಗಳೇ ಎಂಬುದನ್ನು ಯಾವ ಎದುರು ಪಕ್ಷವೂ ಅಲ್ಲಗಳೆಯುವಂತಿಲ್ಲ. ಹೆಂಡತಿ ಬಿಟ್ಟುಹೋದ, ಮೈ ತನ್ನ ಮಾತು ಕೇಳದ ಮನುಷ್ಯನಿಗೆ ಇಂಥ ಒಂದು ಸಣ್ಣ ನಿಶ್ಚಿತಾರ್ಥದ ಅಗತ್ಯ ಎಷ್ಟಿದ್ದಿರಬೇಕು!

75 ಕಿಲೋಗ್ರಾಂ ಮುಟ್ಟಿದ ಮೇಲೆ ಒಂದು ವಿಚಿತ್ರ ತೊಡಕು ಎದುರಾಗುತ್ತದೆ. ಗುರಿ ಸಿಕ್ಕಿತು, ಇನ್ನು ಓಡುವುದು ಯಾವುದಕ್ಕಾಗಿ? ತಕ್ಕಡಿಯ ಮುಳ್ಳು ಇಳಿಯುತ್ತಿರುವಷ್ಟು ದಿನ ಅದೇ ಬಹುಮಾನ. ಅದು ನಿಂತ ಮೇಲೆ ಬಹುಮಾನವೂ ನಿಲ್ಲುತ್ತದೆ. ತೂಕ ಇಳಿಸಿದವರಲ್ಲಿ ಅನೇಕರು ಎಡವುವುದು ಈ ಜಾಗದಲ್ಲೇ. ಫಿಷರರಿಗೆ ಇಲ್ಲಿ ಮ್ಯಾರಥಾನ್ ಒದಗಿಬಂತು.

ಅದರ ಇತಿಹಾಸವನ್ನು ಬಹು ಮಂದಿ ಬಲ್ಲರು. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಹಳೆಯ ಗ್ರೀಕ್ ಐತಿಹ್ಯವೊಂದರ ನೆನಪಿಗಾಗಿ ಇದನ್ನು ಹೂಡಿದರು; 1908ರಲ್ಲಿ ಲಂಡನ್ನಿನಲ್ಲಿ, ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದಲ್ಲಿದ್ದ ರಾಜಾಸನದ ಮುಂಭಾಗದವರೆಗೆ ಆದ ಅಳತೆ 42.195 ಕಿಲೋಮೀಟರ್, 1921ರಲ್ಲಿ ಅದೇ ನಿಯಮವಾಯಿತು. ಅರಮನೆಯ ಅನುಕೂಲಕ್ಕೆ ಆದ ಒಂದು ಅಳತೆಗೆ ಲೋಕದ ಓಟಗಾರರೆಲ್ಲ ಇಂದಿಗೂ ಕಾಲು ನೋಯಿಸಿಕೊಳ್ಳುತ್ತಿದ್ದಾರೆ. ಕನ್ನಡಿಗರು ಇಲ್ಲಿ ಒಂದು ಹೆಸರನ್ನು ನೆನೆಯಬೇಕು. 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಓಡಿ, 2 ಗಂಟೆ 50 ನಿಮಿಷಗಳಲ್ಲಿ, ಹತ್ತೊಂಬತ್ತನೆಯವರಾಗಿ ಮುಗಿಸಿದವರು ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ. ಆ ವರ್ಷದ ದಾರಿ ಇಂದಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದವಾಗಿತ್ತು. ಶತಮಾನ ಕಳೆದರೂ ಆ ಹೆಸರು ನಮ್ಮ ಪಠ್ಯಪುಸ್ತಕಗಳಿಗಿಂತ ಕ್ರೀಡಾಂಕಿಗಳ ಪಟ್ಟಿಗಳಲ್ಲೇ ಹೆಚ್ಚು ಸುರಕ್ಷಿತವಾಗಿದೆ. ಇರಲಿ.

ಫಿಷರರಿಗೆ ದಾರಿ ತೋರಿಸಿದವರು ಹೆರ್ಬರ್ಟ್ ಸ್ಟೆಫ್ನಿ. 1986ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ನಡೆದ ಯೂರೋಪಿಯನ್ ಪಂದ್ಯಾವಳಿಯ ಮ್ಯಾರಥಾನಿನಲ್ಲಿ ಕಂಚಿನ ಪದಕ ಗೆದ್ದ ಓಟಗಾರರು ಇವರು. ದಿನಕ್ಕೆ ಹತ್ತು ಕಿಲೋಮೀಟರ್ ಓಡುವವನಿಗೂ ಮ್ಯಾರಥಾನಿಗೂ ನಡುವೆ ಏನಿದೆ? ದೂರದ ನಾಲ್ಕು ಪಟ್ಟು ಮಾತ್ರವಲ್ಲ. ದೇಹ ಬೇರೆಯೇ ಒಂದು ಕಣಜವನ್ನು ತೆರೆಯಬೇಕಾಗುತ್ತದೆ.

ನಮ್ಮ ದೇಹ ಶಕ್ತಿಯನ್ನು ಎರಡು ಕಡೆ ಕೂಡಿಡುತ್ತದೆ. ಮಾಂಸಖಂಡಗಳಲ್ಲಿ ಮತ್ತು ಯಕೃತ್ತಿನಲ್ಲಿ ಗ್ಲೈಕೊಜನ್ ರೂಪದ ಸಕ್ಕರೆಯಾಗಿ ಸ್ವಲ್ಪ, ಸುಮಾರು ಅರ್ಧ ಕಿಲೋಗ್ರಾಂ; ಮಿಕ್ಕದ್ದೆಲ್ಲ ಕೊಬ್ಬಾಗಿ. ಹಳೆಯ ಹಳ್ಳಿಮನೆಯ ಹೋಲಿಕೆ ಕೊಡುವುದಾದರೆ ಮೊದಲನೆಯದು ಅಡಿಗೆಮನೆಯ ಡಬ್ಬಿ, ಎರಡನೆಯದು ಅಂಗಳದ ಹಗೇವು. ಡಬ್ಬಿಯಲ್ಲಿರುವುದು ಕೈಚಾಚಿದರೆ ಸಿಗುತ್ತದೆ. ಆದರೆ ಅದು 2,000 ಕಿಲೋಕ್ಯಾಲೊರಿಗಳ ಆಸುಪಾಸಿನಲ್ಲಿ ಬರಿದಾಗುತ್ತದೆ. ಹಗೇವಿನಲ್ಲಿರುವುದು ಎಂಥ ಬಡಕಲು ಮನುಷ್ಯನಿಗೂ ಹತ್ತಾರು ಓಟಗಳಿಗೆ ಸಾಕು. ಆದರೆ ಮುಚ್ಚಳ ತೆಗೆದು, ಇಳಿದು, ಮೊಗೆದು ತರಲು ಹೊತ್ತು ಹಿಡಿಯುತ್ತದೆ. ಮೊದಲಿನಿಂದಲೇ ಬಿರುಸಾಗಿ ಓಡಿದವನ ಡಬ್ಬಿ ಮೂವತ್ತು ಕಿಲೋಮೀಟರಿನ ಹೊತ್ತಿಗೆ ಖಾಲಿ. ಆಗ ಕಾಲುಗಳು ಸೀಸವಾಗುತ್ತವೆ, ಕಣ್ಣು ಮಂಜಾಗುತ್ತದೆ, ಎದುರಿಗೆ ಯಾರೋ ಗೋಡೆ ಕಟ್ಟಿದಂತಾಗುತ್ತದೆ. ಓಟಗಾರರು ಅದನ್ನು ಗೋಡೆಯೆಂದೇ ಕರೆಯುತ್ತಾರೆ. ಇದರಲ್ಲಿ ಒಂದು ವ್ಯಂಗ್ಯವನ್ನು ಗಮನಿಸಬೇಕು. 112 ಕಿಲೋಗ್ರಾಂ ತೂಗುತ್ತಿದ್ದ ಫಿಷರರ ಹಗೇವು ತುಂಬಿ ತುಳುಕುತ್ತಿತ್ತು. ಆದರೂ ಅರ್ಧ ಕಿಲೋಮೀಟರಿಗೆ ಅವರು ದಿವಾಳಿಯಾಗುತ್ತಿದ್ದರು. ಇದ್ದದ್ದನ್ನು ಬಳಸಲು ತಿಳಿಯದ ಸಿರಿವಂತಿಕೆ ಅದು.

ತರಬೇತಿಯೆಂದರೆ ಹಗೇವಿನ ಬಾಯನ್ನು ಅಗಲಿಸುವ ಕೆಲಸ. ವಾರದಲ್ಲೊಂದು ದಿನ ನಿಧಾನವಾದ ದೀರ್ಘ ಓಟ: ಮೊದಲು ಹದಿನೈದು ಕಿಲೋಮೀಟರ್, ಆಮೇಲೆ ಇಪ್ಪತ್ತು, ಇಪ್ಪತ್ತೈದು, ಕೊನೆಗೆ ಮೂವತ್ತನ್ನು ದಾಟುವ ಒಂದೆರಡು ಓಟಗಳು. ಸ್ನಾಯುಗಳಲ್ಲಿ ಹೊಸ ಸೂಕ್ಷ್ಮ ರಕ್ತನಾಳಗಳು ಮೊಳೆಯುತ್ತವೆ. ಜೀವಕೋಶಗಳೊಳಗಿನ ಒಲೆಗಳೆನಿಸಿದ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಕೊಬ್ಬು ಬೇಗ ಬೇಗ ಉರಿಯುವುದನ್ನು ಕಲಿಯುತ್ತದೆ. ಉಳಿದ ದಿನಗಳ ಓಟ ಚಿಕ್ಕದು, ಒಂದು ದಿನ ಸ್ವಲ್ಪ ಬಿರುಸು, ಒಂದೆರಡು ದಿನ ಪೂರ್ಣ ವಿಶ್ರಾಂತಿ. ಪಂದ್ಯಕ್ಕೆ ಎರಡು ಮೂರು ವಾರಗಳಿರುವಾಗ ಇಡೀ ಪ್ರಮಾಣವನ್ನು ತಗ್ಗಿಸಬೇಕು. ಇದು ಹೊಸಬರಿಗೆ ಬಹಳ ಕಠಿಣವಾದ ಪಾಠ. ತಿಂಗಳುಗಟ್ಟಲೆ ಮೈಯನ್ನು ಹುರಿಗೊಳಿಸಿದವನಿಗೆ ಕೊನೆಯಲ್ಲಿ ಸುಮ್ಮನಿರುವುದೆಂದರೆ, ಪರೀಕ್ಷೆಯ ಹಿಂದಿನ ದಿನ ಪುಸ್ತಕ ಮುಚ್ಚಿಡೆಂದು ವಿದ್ಯಾರ್ಥಿಗೆ ಹೇಳಿದ ಹಾಗೆ. ಕೇಳುವವರು ಕಡಿಮೆ.

ಮತ್ತೊಂದು ಮಾತು. ತೂಕವಿಳಿಸುವ ಹಸಿವು ಮತ್ತು ಮ್ಯಾರಥಾನಿನ ತರಬೇತಿ ಇವೆರಡೂ ಒಂದೇ ಮನೆಯಲ್ಲಿ ಹೊಂದಿ ಬಾಳುವ ಅತ್ತೆ ಸೊಸೆಯರಲ್ಲ. ದೀರ್ಘ ಓಟಕ್ಕೆ ಅನ್ನ ಬೇಕು. ಹಸಿದು ಓಡಿದವನಿಗೆ ನೋವು, ನೆಗಡಿ, ಬೇಸರಗಳು ಬೇಗ ಬರುತ್ತವೆ. ಫಿಷರ್ ಮೊದಲು ಒಂದನ್ನು ಮುಗಿಸಿ ಬಳಿಕ ಇನ್ನೊಂದನ್ನು ಹಿಡಿದದ್ದು ಬುದ್ಧಿಪೂರ್ವಕವೋ ಅದೃಷ್ಟವೋ, ಕ್ರಮ ಮಾತ್ರ ಸರಿಯಾಗಿತ್ತು. ವೇಗದ ಬಗೆಗೆ ಅಷ್ಟು ಹೇಳಲಾರೆ. ವರ್ಷದೊಳಗೆ 37 ಕಿಲೋಗ್ರಾಂ ಇಳಿಸುವುದು ನನ್ನ ಕಣ್ಣಿಗೆ ತಪಸ್ಸಿಗಿಂತ ಹಠದಂತೆ ಕಾಣುತ್ತದೆ. ಕ್ರಾಂತಿಯಲ್ಲಿ ಬೆಳೆದ ಮನುಷ್ಯ ತನ್ನ ಮೈಯಲ್ಲೂ ಕ್ರಾಂತಿಯನ್ನೇ ಮಾಡಿದರು. ಸುಧಾರಣೆಯ ಮಾರ್ಗ ಅವರಿಗೆ ಹಿಡಿಸಲಿಲ್ಲ.

1998ರ ಏಪ್ರಿಲ್ ತಿಂಗಳಲ್ಲಿ, ಐವತ್ತು ತುಂಬಿದ ತಿಂಗಳಲ್ಲೇ, ಅವರು ಹ್ಯಾಂಬರ್ಗ್ ಮ್ಯಾರಥಾನಿನ ಗೆರೆಯ ಮೇಲೆ ನಿಂತರು. ಎಲ್ಬೆ ನದಿಯ ಬಂದರು, ಆಲ್ಸ್ಟರ್ ಸರೋವರದ ದಂಡೆ, ಇಕ್ಕೆಲಗಳಲ್ಲಿ ಹುರಿದುಂಬಿಸುವ ಊರ ಜನ. ಒಂದೂವರೆ ವರ್ಷದ ಹಿಂದೆ ಯಾರ ಕಣ್ಣಿಗೂ ಬೀಳಬಾರದೆನಿಸುವಂತಿದ್ದ ಓಟ ಈಗ ಊರ ನಡುವೆ, ಎದೆಯ ಮೇಲೆ ಸಂಖ್ಯೆ ಹಚ್ಚಿಕೊಂಡು. ಅವರು ಮುಗಿಸಿದ್ದು 3 ಗಂಟೆ 41 ನಿಮಿಷಗಳಲ್ಲಿ. ಎಂದರೆ ಕಿಲೋಮೀಟರಿಗೆ ಐದೂಕಾಲು ನಿಮಿಷದಂತೆ, ನಲವತ್ತೆರಡು ಸಲ. ಐವತ್ತರ ಪ್ರಾಯದ ಹೊಸಬನಿಗೆ ಇದು ಗೌರವಾರ್ಹವಾದ ವೇಳೆ. ಗೆದ್ದವರಿಗಿಂತ ಒಂದೂವರೆ ಗಂಟೆ ಹಿಂದೆ, ನಿಜ. ಆದರೆ ಮ್ಯಾರಥಾನಿನ ಒಂದು ಔದಾರ್ಯವೆಂದರೆ, ಅಲ್ಲಿ ಸಾವಿರಾರು ಜನ ಸೋತು ಮನೆಗೆ ಹೋಗುವಾಗ ಗೆದ್ದವರ ಹಾಗೆ ನಡೆಯುತ್ತಾರೆ. ಆ ಕಾಲುಗಳಲ್ಲಿ ನಡೆಯಲು ಸಾಧ್ಯವಾದಷ್ಟು.

ಅದೇ ವರ್ಷದ ಅಕ್ಟೋಬರಿನಲ್ಲಿ ಫಿಷರ್ ಜರ್ಮನಿಯ ವಿದೇಶಾಂಗ ಮಂತ್ರಿಯೂ ಉಪ ಚಾನ್ಸೆಲರರೂ ಆದರು. ಓಟವನ್ನು ಬಿಡಲಿಲ್ಲ. ಹೋದ ಹೋದ ರಾಜಧಾನಿಗಳಲ್ಲಿ ಬೆಳಗಾಗೆದ್ದು ಓಡುವರು; ಅಂಗರಕ್ಷಕರಿಗೂ ಓಡದೆ ವಿಧಿಯಿಲ್ಲ. ಮಂತ್ರಿಯ ವ್ರತಕ್ಕೆ ಪೋಲೀಸರ ಉಪವಾಸ! 1999ರ ಮೇ ತಿಂಗಳಲ್ಲಿ, ಕೊಸೊವೊ ಯುದ್ಧದ ಸಂದರ್ಭದಲ್ಲಿ, ಬೀಲೆಫೆಲ್ಟ್ ಊರಿನ ಪಕ್ಷ ಸಮ್ಮೇಳನದಲ್ಲಿ ಅವರ ಮೇಲೆ ಯಾರೋ ಕೆಂಪು ಬಣ್ಣದ ಚೀಲವೊಂದನ್ನು ಎಸೆದರು. ಕಿವಿಯ ತಮಟೆಗೆ ಪೆಟ್ಟಾಯಿತು. ಕೆಂಪು ಬಳಿದ ಅಂಗಿಯಲ್ಲೇ ಅವರು ವೇದಿಕೆಯೇರಿ ತಮ್ಮ ನಿಲುವನ್ನು ಸಮರ್ಥಿಸಿಕೊಂಡರು. ಅವರ ನಿಲುವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ಸ್ಥೈರ್ಯ ರೈನ್ ದಡದಿಂದ ಬಂತೋ, ಫ್ರಾಂಕ್‌ಫರ್ಟಿನ ಬೀದಿಗಳಿಂದ ಬಂತೋ ಹೇಳುವುದು ಹೇಗೆ? ಎಲ್ಲವನ್ನೂ ಓಟದ ಖಾತೆಗೆ ಬರೆಯುವುದು ಓಟಗಾರರ ಚಪಲ.

ಆ ವರ್ಷವೇ ಅವರ ಪುಸ್ತಕ ಪ್ರಕಟವಾಯಿತು. ಹೆಸರನ್ನು ಕನ್ನಡಿಸಿದರೆ 'ನನ್ನೆಡೆಗೆ ನನ್ನ ದೀರ್ಘ ಓಟ' ಎಂದಾಗುತ್ತದೆ. ಜರ್ಮನಿಯಲ್ಲಿ ಅದು ಬಹು ಜನಪ್ರಿಯವಾಯಿತು. ಎಷ್ಟೋ ನಡುವಯಸ್ಸಿನ ಗೃಹಸ್ಥರು ಅದನ್ನು ಓದಿ ಬೂಟು ಕೊಂಡರಂತೆ. ಸ್ಥೂಲನಾಗಿದ್ದ ಮನುಷ್ಯ ಕೃಶನಾದ, ದಿಕ್ಕೆಟ್ಟವನು ದಿಕ್ಕು ಕಂಡ ಎಂಬ ಕಥೆಗೆ ಎಲ್ಲ ಭಾಷೆಗಳಲ್ಲೂ ಓದುಗರುಂಟು. ನಮ್ಮ ಪುರಾಣಗಳ ಶಾಪವಿಮೋಚನೆಯ ಕಥೆಗಳಿಗೂ ಇದೇ ಹಂದರ. ಅಹಲ್ಯೆ ಕಲ್ಲಾಗಿದ್ದಳು, ರಾಮನ ಪಾದಸ್ಪರ್ಶದಿಂದ ಹೆಣ್ಣಾದಳು; ಅಲ್ಲಿಗೆ ಕಥೆ ಮುಗಿಯಿತು. ಮರುದಿನ ಬೆಳಿಗ್ಗೆ ಆಶ್ರಮದಲ್ಲಿ ಆಕೆ ಏನು ಮಾಡಿದಳೆಂದು ಪುರಾಣಿಕರು ಹೇಳುವುದಿಲ್ಲ.

ಫಿಷರರ ವಿಷಯದಲ್ಲಿ ಮರುದಿನವನ್ನು ಲೋಕವೆಲ್ಲ ನೋಡಿತು. ಹ್ಯಾಂಬರ್ಗಿನ ತರುವಾಯ ಅವರು ನ್ಯೂಯಾರ್ಕಿನಲ್ಲೂ ಬರ್ಲಿನ್ನಿನಲ್ಲೂ ಮ್ಯಾರಥಾನ್ ಓಡಿದರು. ಆದರೆ ಅಧಿಕಾರದ ವರ್ಷಗಳು ಕಳೆದಂತೆ ಪಯಣ, ಭೋಜನಕೂಟ, ನಿದ್ರೆಗೇಡು ಎಲ್ಲವೂ ಹಿಂದಿರುಗಿದವು. ಅವುಗಳ ಹಿಂದೆಯೇ ತೂಕವೂ ಬಂತು. 2005ರಲ್ಲಿ ಮಂತ್ರಿಪದವಿಯನ್ನು ಬಿಡುವ ಹೊತ್ತಿಗೆ ಛಾಯಾಚಿತ್ರಗಳಲ್ಲಿ ಕಾಣುವವರು ಮತ್ತೆ ದುಂಡಗಿನ ಮುಖದ, ತುಂಬಿದ ಮೈಯ ಫಿಷರ್. ಒಂದು ಕಾಲದಲ್ಲಿ ಹಾಡಿಹೊಗಳಿದ ಪತ್ರಿಕೆಗಳು ಈಗ ಹೊಟ್ಟೆಯನ್ನು ಅಳೆದವು.

ಇದನ್ನು ಅವರ ಸಂಕಲ್ಪದೌರ್ಬಲ್ಯವೆಂದು ನಕ್ಕುಬಿಡುವುದು ಸುಲಭ. ವಿಜ್ಞಾನ ಅಷ್ಟು ಸುಲಭವಾಗಿ ನಗುವುದಿಲ್ಲ. ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರಲ್ಲಿ ಭಾರಿಯಾಗಿ ತೂಕವಿಳಿಸಿದ್ದ ಹದಿನಾಲ್ಕು ಜನರನ್ನು ಆರು ವರ್ಷಗಳ ಅನಂತರ ಪರೀಕ್ಷಿಸಿದ ವರದಿಯೊಂದು 2016ರಲ್ಲಿ ಬಂತು. ಅವರಲ್ಲಿ ಬಹುತೇಕರಿಗೆ ಕಳೆದುಕೊಂಡ ತೂಕದ ದೊಡ್ಡ ಪಾಲು ಮರಳಿತ್ತು. ಅದಕ್ಕಿಂತ ಆಶ್ಚರ್ಯದ ಸಂಗತಿಯೆಂದರೆ, ಅವರ ದೇಹ ಸುಮ್ಮನಿರುವಾಗ ವ್ಯಯಿಸುತ್ತಿದ್ದ ಶಕ್ತಿ, ಅವರ ಗಾತ್ರಕ್ಕೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿಗಳಷ್ಟು ಕಡಿಮೆಯಾಗಿತ್ತು. ಅದೂ ಆರು ವರ್ಷಗಳ ಮೇಲೆ. ಬರಗಾಲವನ್ನು ಕಂಡ ಮನೆಯ ಯಜಮಾನನಂತೆ ದೇಹ ಖರ್ಚನ್ನು ಬಿಗಿಹಿಡಿದು, ಸಿಕ್ಕಿದ್ದನ್ನೆಲ್ಲ ಹಗೇವಿಗೆ ಸುರಿಯುತ್ತದೆ. ತೂಕ ಇಳಿಸಿಕೊಂಡವನೂ ಹುಟ್ಟಿನಿಂದ ತೆಳ್ಳಗಿರುವವನೂ ತಕ್ಕಡಿಯಲ್ಲಿ ಸಮ ತೂಗಬಹುದು. ಒಳಗೆ ಅವರಿಬ್ಬರ ಮನೆಗಳು ಬೇರೆ. ಒಬ್ಬನಿಗೆ ಅದು ಸಹಜಸ್ಥಿತಿ, ಇನ್ನೊಬ್ಬನಿಗೆ ದಿನದಿನದ ಕಾವಲು.

ಹಾಗಾದರೆ ಹ್ಯಾಂಬರ್ಗಿನ ಓಟ ಸುಳ್ಳಾಯಿತೆ? ಒಮ್ಮೆ ಪಡೆದ ಪದವಿಯನ್ನು ಮುಂದೆ ಓದು ಮರೆತವನಿಂದ ವಿಶ್ವವಿದ್ಯಾನಿಲಯ ಕಿತ್ತುಕೊಳ್ಳುವುದಿಲ್ಲ. ಅರ್ಧ ಕಿಲೋಮೀಟರಿಗೆ ಕೂತು ಬಿಡಬೇಕೆನಿಸಿದ ಮೈ ನಲವತ್ತೆರಡು ಕಿಲೋಮೀಟರ್ ಓಡಿದ್ದು ನಿಜ; ಆ ಮೈ ಮತ್ತೆ ತುಂಬಿಕೊಂಡದ್ದೂ ಅಷ್ಟೇ ನಿಜ. ಓದುಗನಾಗಿ ನನಗಿರುವ ಕೊರತೆ ಬೇರೆ. ಆ ಪುಸ್ತಕ ಮ್ಯಾರಥಾನಿನ ಮರುವರ್ಷವೇ, ಕಾಲಿನ ನೋವು ಆರುವ ಮುಂಚೆಯೇ ಎನ್ನುವಂತೆ, ಅಚ್ಚಿಗೆ ಹೋಯಿತು. ಹತ್ತು ವರ್ಷ ತಡೆದಿದ್ದರೆ ಅದು ಹೆಚ್ಚು ಜನರಿಗೆ ಹೆಚ್ಚು ಉಪಯೋಗಕ್ಕೆ ಬರುವ ಗ್ರಂಥವಾಗುತ್ತಿತ್ತು: ಇಳಿದದ್ದು ಹೇಗೆ ಎಂಬುದರೊಡನೆ ಏರಿದ್ದು ಹೇಗೆ, ಏರುವಾಗ ಬೆಳಗಿನ ಬೂಟುಗಳನ್ನು ನೋಡಿದರೆ ಏನೆನಿಸುತ್ತಿತ್ತು ಎಂಬುದನ್ನೂ ಅವರ ಆ ಹರಿತವಾದ ಮಾತಿನಲ್ಲಿ ಓದಬಹುದಿತ್ತು. ಅವರು ಮುಂದೆ 2007ರಲ್ಲೂ 2011ರಲ್ಲೂ ಹೊರತಂದ ಎರಡು ಸ್ಮೃತಿಗ್ರಂಥಗಳು ಮಂತ್ರಿಮಂಡಲದ ಕಾಲದವು. ಒಂದರಲ್ಲಿ ಕೊಸೊವೊ, ಇನ್ನೊಂದರಲ್ಲಿ ಇರಾಕ್.